ಅಗಿಯುವ ಹೊತ್ತು

ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು. ಬಾಯೊಳಗಿನ ತುತ್ತು ತುತ್ತಾಗಿ ಉಳಿದಿರಲಿಲ್ಲ. ಉಗುರುಬೆಚ್ಚಗಿನ ಗಂಜಿಯಾಗಿ ನಾಲಿಗೆಯ ಸುತ್ತ ತಿರುಗುತ್ತಿತ್ತು. ಆದರೂ ಅವನು ನುಂಗಲಿಲ್ಲ. ಮೂವತ್ತೆರಡು ಆಗಬೇಕು. ಹೊಟ್ಟೆಯೊಳಗೆ ಹಲ್ಲು ಇರೋದಿಲ್ಲ, ಅಗಿಯೋ ಕೆಲಸ ಬಾಯಲ್ಲೇ ಮುಗೀಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಅವನನ್ನು ಮಲಗಿಸಿ, ಹಣ್ಣು ಕೊಳ್ಳುವವರು ಬೆರಳಿನಿಂದ ತಟ್ಟಿ ಕಿವಿಗೊಡುವಂತೆ ಹೊಟ್ಟೆಯನ್ನು ತಟ್ಟಿ, ಬರೀ ಗಾಳಿ ಎಂದಿದ್ದರು. ನಿಧಾನಕ್ಕೆ ತಿನ್ನಿ, ಸ್ವಲ್ಪ ಸ್ವಲ್ಪ ತಿನ್ನಿ, ತಿಂದ ತಕ್ಷಣ ಮಲಗಬೇಡಿ, ಬಗ್ಗಿ ಭಾರ ಎತ್ತಬೇಡಿ, ಖಾಲಿ ಹೊಟ್ಟೆಗೆ ಟೀ ಸುರಿಯಬೇಡಿ, ಸಿಟ್ಟು ಇಟ್ಕೊಂಡು ಊಟಕ್ಕೆ ಕೂರಬೇಡಿ. ಕಪ್ಪಗೆ ಹೋದರೆ, ವಾಂತೀಲಿ ರಕ್ತ ಕಂಡರೆ ಆಗ ಓಡಿ ಬನ್ನಿ, ಅಲ್ಲೀತನಕ ಇಷ್ಟೇ ಔಷಧಿ. ಏನು ಕೆಲಸ ನಿಮ್ಮದು? ಕಾರ್ಖಾನೆಯಲ್ಲಿ ಟೈಮ್ ಆಫೀಸು, ಎಂದಿದ್ದ. ಡಾಕ್ಟರಮ್ಮ ನಕ್ಕಿದ್ದರು: ಹಾಗಾದರೆ ನಿಮಗೇನ್ರೀ ಕಮ್ಮಿ, ಹೊತ್ತೆಲ್ಲ ನಿಮ್ಮ ಕೈಯಲ್ಲೇ ಇದೆ. ಆ ಮಾತಿಗೆ ಅವನು ಎಡಗೈಯನ್ನು ಜೇಬಿಗೆ ಸರಿಸಿದ್ದ. ಮೂವತ್ತೊಂದು. ಮೂವತ್ತೆರಡು. ನುಂಗಿದ. ಎದೆಯ ಗೂಡಿನವರೆಗೆ ಇಳಿದ ತುತ್ತು ಅಲ್ಲೇ ನಿಂತು, ಹುಳಿಯಾಗಿ ಹಿಂದಿರುಗಿ, ಗಂಟಲನ್ನು ಸುಟ್ಟಿತು.

ಗಾಜಿನ ಕಿಟಕಿಯ ಕೆಳಗೆ ಕ್ಯಾಂಟೀನು. ಅಲ್ಲಿ ಇನ್ನೂರ ನಲವತ್ತು ಜನ ತಿನ್ನುತ್ತಿದ್ದರು. ತಿನ್ನುತ್ತಿದ್ದರು ಎನ್ನುವುದು ಸರಿಯಲ್ಲ. ಮೇಲಿನಿಂದ ನೋಡುವವನಿಗೆ ಅದು ಹೊಡೆದಾಟದಂತೆ ಕಾಣುತ್ತಿತ್ತು. ಅನ್ನದ ಮೇಲೆ ಕೈಗಳು ಬೀಳುತ್ತಿದ್ದವು, ಏಳುತ್ತಿದ್ದವು, ಬಾಯಿಗೆ ಅಪ್ಪಳಿಸುತ್ತಿದ್ದವು. ಬೆಳಗಿನಿಂದ ಒತ್ತುಯಂತ್ರದ ಮುಂದೆ ತಗಡು ಇಡು, ಕೈ ತೆಗೆ, ತಗಡು ಇಡು, ಕೈ ತೆಗೆ ಎಂದು ಡಬ್ಬಿಗಳ ಮುಚ್ಚಳ ಒತ್ತಿದ ತೋಳುಗಳು ಅದೇ ಲಯವನ್ನು ತಟ್ಟೆಗೂ ತಂದಿದ್ದವು. ಕುತ್ತಿಗೆಯ ನರಗಳು ಉಬ್ಬುತ್ತಿದ್ದವು. ಒಬ್ಬ ಉಗುಳು ಸಾಲದೆ ನೀರಿನಿಂದ ತುತ್ತನ್ನು ಒಳಕ್ಕೆ ದೂಡುತ್ತಿದ್ದ, ಚರಂಡಿಗೆ ಕೋಲು ಹಾಕಿ ದೂಡುವ ಹಾಗೆ. ನಾಲ್ಕನೇ ಒತ್ತುಯಂತ್ರದ ಸಾಲಿನಲ್ಲಿ ಅವನ ಹೆಂಡತಿಯ ತಮ್ಮ ಕೂತಿದ್ದ. ತಿನ್ನುತ್ತಲೇ ಎಡಗೈ ಮುಷ್ಟಿಯನ್ನು ಪಕ್ಕೆಲುಬಿನ ಕೆಳಗೆ ಒತ್ತಿಕೊಂಡಿದ್ದ. ಎಲ್ಲರ ಕಣ್ಣೂ ಒಂದೇ ಕಡೆ, ಗೋಡೆಯ ಗಡಿಯಾರದ ಮೇಲೆ. ಆ ಗಡಿಯಾರದ ಮುಳ್ಳು ಓಡುತ್ತಿತ್ತು. ನಿಜವಾಗಿಯೂ ಓಡುತ್ತಿತ್ತು, ಏಕೆಂದರೆ ಮೇಲೆ ಟೈಮ್ ಆಫೀಸಿನಲ್ಲಿ ಕೂತ ಅವನ ಎಡಗೈ ದೊಡ್ಡ ಗಡಿಯಾರದ ಕೆಳಗಿನ ಹಿತ್ತಾಳೆಯ ತಿರುಪಿನ ಮೇಲಿತ್ತು.

ಕಾರ್ಖಾನೆಯ ಗೋಡೆಗಳ ಮೇಲಿನ ಅಷ್ಟೂ ಗಡಿಯಾರಗಳಿಗೆ ಸ್ವಂತ ಬುದ್ಧಿ ಇರಲಿಲ್ಲ. ತಂತಿಯ ಮೂಲಕ ದೊಡ್ಡ ಗಡಿಯಾರ ಹೇಳಿದಂತೆ ಅವು ನಡೆಯುತ್ತಿದ್ದವು. ಹಿಂದೆ ಬಿದ್ದದ್ದನ್ನು ಸರಿಪಡಿಸಲೆಂದು ಆ ತಿರುಪು. ಬಲಕ್ಕೆ ತಿರುಗಿಸಿದರೆ ಗೋಡೆಯ ಮುಳ್ಳುಗಳು ಬೇಗ ಹೋಗುತ್ತವೆ, ಎಡಕ್ಕೆ ತಿರುಗಿಸಿದರೆ ತೆವಳುತ್ತವೆ. ಊಟದ ಸೈರನ್ ಕೂಗಿದೊಡನೆ ಬಲಕ್ಕೆ. ಗೋಡೆಯ ಮೇಲೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಿಜದಲ್ಲಿ ಹತ್ತೊಂಬತ್ತು ನಿಮಿಷ. ಮತ್ತೆ ಸೈರನ್, ಎಲ್ಲರೂ ಯಂತ್ರಗಳಿಗೆ. ಆಮೇಲೆ ಎಡಕ್ಕೆ; ಸಂಜೆಯವರೆಗೆ ತೆವಳಿ ತೆವಳಿ ಆ ಹನ್ನೊಂದು ನಿಮಿಷವನ್ನು ಗಡಿಯಾರ ವಾಪಸ್ಸು ನುಂಗಿಕೊಳ್ಳುತ್ತದೆ. ಗೇಟಿನಲ್ಲಿ ಹೊರಡುವಾಗ ಹೊರಗಿನ ಜಗತ್ತಿಗೂ ಒಳಗಿನ ಜಗತ್ತಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಕೈಗಡಿಯಾರ, ಉಂಗುರ, ಬಳೆ, ಫೋನು ಎಲ್ಲವನ್ನೂ ಬೆಳಿಗ್ಗೆಯೇ ಗೇಟಿನ ಮರದ ಗೂಡುಗಳಲ್ಲಿ ಬಿಟ್ಟು ಬರಬೇಕು. ಒಬ್ಬನ ಉಂಗುರ ಯಂತ್ರಕ್ಕೆ ಸಿಕ್ಕಿ ಬೆರಳು ಕಿತ್ತುಬಂದ ಮೇಲೆ ಆದ ನಿಯಮ ಅದು, ಕೆಲಸಗಾರರೇ ಕೇಳಿ ಮಾಡಿಸಿಕೊಂಡದ್ದು. ಕಿಟಕಿಗಳಿಗೆ ಹಸಿರು ಬಣ್ಣ ಬಳಿದಿತ್ತು. ಒಳಗೆ ಬಿಸಿಲೂ ಇರಲಿಲ್ಲ, ನೆರಳೂ ಇರಲಿಲ್ಲ.

ಏಳು ವರ್ಷದ ಹಿಂದೆ ಮ್ಯಾನೇಜರು ಈ ಕೋಣೆಗೆ ತಾವಾಗಿಯೇ ಹತ್ತಿ ಬಂದಿದ್ದರು. ಒಂದು ನಿಮಿಷ ಕಣಯ್ಯಾ, ಒಂದೇ ಒಂದು. ಮೂಗು ಸೀಟೋದಕ್ಕೂ ಸಾಲದ ಹೊತ್ತು. ಇನ್ನೂರ ನಲವತ್ತು ಜನರಿಂದ ಒಂದೊಂದು ನಿಮಿಷ ಅಂದರೆ ದಿನಕ್ಕೆ ನಾಲ್ಕು ಗಂಟೆ. ಯಾರ ಮನೆ ಮುಳುಗುತ್ತೆ ಹೇಳು. ಹೇಳುತ್ತ ಅವನ ಹೆಗಲ ಮೇಲೆ ಕೈ ಇಟ್ಟಿದ್ದರು. ಅವನು ಏನನ್ನೂ ಕೇಳಲಿಲ್ಲ, ಅವರು ಏನನ್ನೂ ಕೊಡಲಿಲ್ಲ. ಆಮೇಲೆ ಎಷ್ಟೋ ಸಲ, ಏನಾದರೂ ಕೇಳಿದ್ದರೆ, ಕೊಂಡುಕೊಂಡಿದ್ದರೆ ತನಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲವೇನೋ ಎನಿಸಿದ್ದುಂಟು. ಒಂದು ಕೈಯ ಬಿಸುಪಿಗೆ, ಹೆಗಲ ಮೇಲೆ ಎರಡು ಕ್ಷಣ ಇದ್ದ ಸೆಂಟಿನ ವಾಸನೆಗೆ ತಿರುಗಿಸಿದ್ದ. ಮರುವರ್ಷ ಮೂರು. ಅದರ ಮರುವರ್ಷ ಐದು. ಕೆಳಗೆ ಕಾರ್ಖಾನೆಯ ಹೊಟ್ಟೆ ಕೆಡುತ್ತ ಬಂತು. ತೇಗು, ಉರಿ, ಉಬ್ಬರ, ಒತ್ತುಯಂತ್ರದ ಮುಂದೆ ಬಗ್ಗಿದಾಗ ಬಾಯಿಗೆ ಬರುವ ಹುಳಿನೀರು. ಔಷಧಿ ಕೋಣೆಯ ಕಾಂಪೌಂಡರ್ ಗುಲಾಬಿ ಬಣ್ಣದ ಔಷಧಿಯನ್ನು ಟೀ ಲೋಟದಲ್ಲೇ ಅಳೆದು ಕೊಡಲು ಶುರುಮಾಡಿದ. ಕುಡಿರಪ್ಪಾ ಕುಡೀರಿ, ಮದುವೆ ಮನೆ ಶರಬತ್ತು, ಎನ್ನುತ್ತಿದ್ದ. ಮುಚ್ಚಳಗಳ ಪೆಟ್ಟಿಗೆ ಕಟ್ಟುವ ಪ್ಯಾಕಿಂಗ್ ಅಕ್ಕ ಮಾತ್ರ, ನಮ್ಮ ಹೊಟ್ಟೇಲಿ ಯಾರೋ ತಗಡು ಒತ್ತುತಾ ಇದಾರೆ ಕಣೋ, ನಿನ್ನ ಶರಬತ್ತು ಅದಕ್ಕೆ ಎಣ್ಣೆ ಹಾಕುತ್ತೆ ಅಷ್ಟೇ, ಎಂದಿದ್ದಳು. ಅವನ ಹೊಟ್ಟೆಯೂ ಅದೇ ವರ್ಷಗಳಲ್ಲಿ ಕೆಟ್ಟಿತು. ಇಡೀ ಕಾರ್ಖಾನೆಯಲ್ಲಿ ನಿಜವಾದ ಅರ್ಧ ಗಂಟೆ ಇದ್ದದ್ದು ಅವನೊಬ್ಬನಿಗೆ. ಸೈರನ್ ಒತ್ತಿ, ಎಲ್ಲರನ್ನೂ ಎಬ್ಬಿಸಿ, ಮತ್ತೆ ಊಟದ ಡಬ್ಬಿಯ ಮುಂದೆ ಕೂತು ಉಳಿದ ಹನ್ನೊಂದು ನಿಮಿಷ ಅಗಿಯುತ್ತಿದ್ದ. ಒಂದು ತುತ್ತೂ ಅರಗುತ್ತಿರಲಿಲ್ಲ.

ಕೆಳಗೆ ತಟ್ಟೆಯೊಂದು ನೆಲಕ್ಕೆ ಬಿದ್ದ ಸದ್ದಾಯಿತು. ಅವನು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಪ್ಯಾಕಿಂಗ್ ಅಕ್ಕ ಬೆಂಚಿನ ತುದಿ ಹಿಡಿದು ಬಾಗಿದ್ದಳು. ತಿಂದದ್ದೆಲ್ಲ, ಅಗಿಯದ ಬೇಳೆಯ ಕಾಳು ಕಾಳೂ, ಅವಳ ಕಾಲ ಬಳಿ ಬೀಳುತ್ತಿತ್ತು. ಅದರಲ್ಲಿ ಕೆಂಪು ಎಳೆಯೊಂದಿತ್ತು. ಯಾರೋ, ರಕ್ತ ಕಣ್ರೋ, ಎಂದರು. ಆ ಮಾತು ಬೆಂಚಿನಿಂದ ಬೆಂಚಿಗೆ ಹೋಯಿತು. ಅವನ ಬಾಮೈದ ಎದ್ದ. ಅಡುಗೆಮನೆಯ ಕಡೆಗೆ ನಡೆದ. ಅವನ ಹಿಂದೆ ಹತ್ತು ಜನ, ಆಮೇಲೆ ಐವತ್ತು. ಅಡುಗೆಯವನನ್ನು ಎಲ್ಲರೂ ಸೌಟು ಎಂದೇ ಕರೆಯುತ್ತಿದ್ದರು. ಉದ್ದ ತೆಳ್ಳನೆಯ ದೇಹ, ಮೇಲೊಂದು ದುಂಡನೆಯ ತಲೆ. ಪಾತ್ರೆಗಳು ಉರುಳಿದವು. ಬಾಮೈದ ಹೊರಬಂದಾಗ ಅವನ ಒಂದು ಕೈಯಲ್ಲಿ ನೀಲಿ ಪೊಟ್ಟಣ ಇತ್ತು, ಇನ್ನೊಂದರಲ್ಲಿ ಸೌಟುವಿನ ಅಂಗಿಯ ಕಾಲರು.

“ಏನಿದು?”

“ಸೋಡಾ ಕಣಪ್ಪಾ, ಅಡುಗೆ ಸೋಡಾ. ಬೇಳೆ ಬೇಯ್ಲಿ ಅಂತ.”

“ಹಿಡಿ ಹಿಡಿ ಹಾಕ್ತೀಯಾ? ಇಷ್ಟು ದಿನದಿಂದ ನಮ್ಮ ಹೊಟ್ಟೆ ಏನು ನಿನ್ನ ಬಟ್ಟೆ ಒಗೆಯೋ ಬಕೆಟ್ಟಾ?”

ಮೊದಲ ಏಟು ಯಾರದ್ದೆಂದು ಮೇಲಿನಿಂದ ಕಾಣಲಿಲ್ಲ. ಸೌಟುವಿನ ತಲೆ ಒಮ್ಮೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು, ಅಷ್ಟೇ. ಆಮೇಲೆ ಅವನು ಕಾಣಿಸಲೇ ಇಲ್ಲ, ಬೆನ್ನುಗಳು ಕಾಣಿಸಿದವು. ಏಟುಗಳ ಸದ್ದು ಯಂತ್ರದ ಸದ್ದಿನಷ್ಟೇ ಕ್ರಮವಾಗಿತ್ತು. ಅವನು ತಿರುಪಿನಿಂದ ಕೈ ತೆಗೆದು ಕಬ್ಬಿಣದ ಮೆಟ್ಟಿಲು ಇಳಿದ. ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೇ ಇಳಿದ. ಹದಿನೆಂಟು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ, ಒಂದು ತಿಂಗಳ ಹಿಂದೆ ಇದೇ ಮೆಟ್ಟಿಲು ಹತ್ತಿ ಬಂದಿದ್ದ ಸೌಟು ಎದುರಾಗುತ್ತಿದ್ದ, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ, ಬಾಗಿಲ ಹೊರಗೇ ನಿಂತು. ಟೈಮ್ ಆಫೀಸಿನವನಾದ್ದರಿಂದ ಕಾರ್ಖಾನೆಗೆಲ್ಲ ಇವನು ಗಂಟೆಯವರು. ಗಂಟೆಯವರೇ, ಒಂದು ಅನುಮಾನ, ನಗಬಾರದು. ಬೆಳಿಗ್ಗೆ ಬೇಳೆ ಇಟ್ಟರೆ ಇಪ್ಪತ್ತೆರಡು ನಿಮಿಷಕ್ಕೆ ಬೇಯುತ್ತೆ. ಅದೇ ಬೇಳೆ, ಅದೇ ನೀರು, ಅದೇ ಒಲೆ, ಊಟದ ಸೈರನ್ ಆದ ಮೇಲೆ ಎರಡನೇ ಸಲಕ್ಕೆ ಅಂತ ಇಟ್ಟರೆ ಗೋಡೆ ಗಡಿಯಾರದಲ್ಲಿ ಮೂವತ್ತಮೂರು. ಮೊದಲೆಲ್ಲ ಎರಡನೇ ಸಲದ್ದು ಬಿಸಿಬಿಸಿ ಬಡಿಸ್ತಿದ್ದೆ. ಈಗ ಅರ್ಧ ಬೆಂದಿರೋದೇ ಬಡಿಸಬೇಕು, ಜನ ಉಗೀತಾರೆ. ನಿಮಗೆ ಗಡಿಯಾರದ ವಿಷಯ ಗೊತ್ತು, ನೀವೇ ಹೇಳಿ. ಆ ಮನುಷ್ಯನ ಮುಖದಲ್ಲಿ ಅನುಮಾನ ಇರಲಿಲ್ಲ, ತನ್ನ ಒಲೆಯ ಬಗ್ಗೆ ನಾಚಿಕೆ ಇತ್ತು. ಇವನು ಡಬ್ಬಿಯಿಂದ ತಲೆ ಎತ್ತದೆ ಹೇಳಿದ್ದ: ಮಧ್ಯಾಹ್ನ ಉರಿ ಕಮ್ಮಿ ಇರುತ್ತೆ ಕಣಯ್ಯಾ. ಮೊದಲಿಂದ ಒಂದು ಚಿಟಿಕೆ ಸೋಡಾ ಹಾಕ್ತೀಯಲ್ಲ, ಇನ್ನೊಂದು ಸ್ವಲ್ಪ ಜಾಸ್ತಿ ಹಾಕು, ಬೇಗ ಬೇಯುತ್ತೆ. ಸೌಟು ಕೈ ಮುಗಿದು ಇಳಿದಿದ್ದ.

ಗುಂಪು ಅವನಿಗೆ ದಾರಿ ಬಿಟ್ಟಿತು. ಯಾವತ್ತೂ ಕೆಳಗೆ ಬರದವನು ಬಂದಿದ್ದಾನೆ. ಗಂಟೆಯವರೂ ಬಂದ್ರು ನೋಡ್ರೋ, ಎಂದರು ಯಾರೋ, ಅವರಿಗೂ ಹೊಟ್ಟೆನೋವಂತೆ ಪಾಪ, ಒಂದು ಕೊಡ್ಲಿ ಬಿಡಿ. ಸೌಟು ನೆಲದಲ್ಲಿ ಮಗ್ಗುಲಾಗಿ ಬಿದ್ದಿದ್ದ, ಮೊಣಕಾಲುಗಳನ್ನು ಎದೆಗೆ ಸೆಳೆದುಕೊಂಡು. ಒಂದು ಕಣ್ಣು ಆಗಲೇ ಮುಚ್ಚಿತ್ತು. ತೆರೆದಿದ್ದ ಇನ್ನೊಂದು ಕಣ್ಣು ಇವನ ಬೂಟನ್ನು, ಪ್ಯಾಂಟನ್ನು, ಮುಖವನ್ನು ಏರಿ ಬಂತು. ಆ ಕಣ್ಣಿಗೆ ಸಮಾಧಾನವಾಯಿತು. ಅದನ್ನು ಅವನು ಕಂಡ. ಸೌಟು ಮೊಣಕಾಲು ಸಡಿಲಿಸಿದ, ಎದ್ದು ಕೂರುವವನಂತೆ ಹೊಟ್ಟೆ ತೆರೆದುಕೊಂಡ, ರಕ್ತದ ಗುಳ್ಳೆಯ ನಡುವಿನಿಂದ ಹೇಳಿದ: “ಗಂಟೆಯವರೇ, ನೀವಾದರೂ ಹೇಳಿ ಇವರಿಗೆ. ನೀವೇ ತಾನೇ.”

ಅವನು ಒದ್ದ. ಕಾಲು ತನ್ನದಲ್ಲವೆಂಬಂತೆ ಹೋಯಿತು ಎಂದು ಆಮೇಲೆ ಅಂದುಕೊಳ್ಳಲು ನೋಡಿದ, ಆಗಲಿಲ್ಲ. ಕಾಲು ಅವನದೇ. ಎಲ್ಲಿ ಬೀಳಬೇಕೆಂದು ನೋಡಿಯೇ ಒದ್ದಿದ್ದ, ಆ ಬಾಯಿಯಿಂದ ಮುಂದಿನ ಮಾತು ಬರಬಾರದೆಂದು ಉಸಿರು ಇರುವ ಜಾಗಕ್ಕೇ ಒದ್ದಿದ್ದ. ಬೂಟಿನ ತುದಿ ಮೆತ್ತಗೆ ಒಳಹೊಕ್ಕು, ಇನ್ನೂ ಒಳಹೊಕ್ಕು, ಯಾವುದೋ ಎಲುಬಿನಂಥ ಜಾಗದಲ್ಲಿ ನಿಂತಿತು. ಸೌಟು ಮಾತನಾಡಲಿಲ್ಲ. ಅವನು ಮತ್ತೊಮ್ಮೆ ಒದ್ದ. ಸುತ್ತಲಿದ್ದವರು ಸ್ವಲ್ಪ ಹಿಂದೆ ಸರಿದರು. ಬಾಮೈದ ಅವನ ತೋಳು ಹಿಡಿದು, ಸಾಕು ಭಾವ, ಸತ್ತುಗಿತ್ತು ಹೋದಾನು, ಎಂದ. ಅಷ್ಟು ಜನರ ಎದುರು ಅವನಿಗೆ ಒಂದು ದೊಡ್ಡ ತೇಗು ಬಂತು. ತಿಂಗಳುಗಳಿಂದ ಸಿಕ್ಕಿಕೊಂಡಿದ್ದ ಗಾಳಿ ಸರಾಗವಾಗಿ, ಸುಖವಾಗಿ ಹೊರಬಂತು. ಕೆಲವರು ನಕ್ಕರು. ಆ ಸುಖಕ್ಕಾಗಿ ಅವನು ತನ್ನನ್ನು ತಾನು ಎಂದೂ ಕ್ಷಮಿಸಲಾರ. ಮೆಟ್ಟಿಲು ಹತ್ತಿ ಹೋಗಿ, ಗಂಟೆ ನೋಡಿ, ಸೈರನ್ ಒತ್ತಿದ. ತಿರುಪನ್ನು ಎಡಕ್ಕೆ ತಿರುಗಿಸಿದ.

ಸಂಜೆ ಮನೆಯಲ್ಲಿ ಬಾಮೈದ ಅಡುಗೆಮನೆಯ ಹೊಸ್ತಿಲಲ್ಲೇ ಕೂತು ಅಕ್ಕನಿಗೆ ವರದಿ ಒಪ್ಪಿಸಿದ. ಅವನ ಹೆಂಡತಿ ಆಲೂಗಡ್ಡೆ ಹೆರೆಯುತ್ತಿದ್ದಳು.

“ಅಕ್ಕಾ, ನಿನ್ನ ಗಂಡ ಇವತ್ತು ಹುಲಿ ಆಗಿದ್ರು.”

“ಯಾರು, ಇವರಾ? ಜಿರಲೆ ಕಂಡರೆ ಮಂಚ ಹತ್ತೋರು.”

“ನಂಬಬೇಡ ಬಿಡು. ನಾವೆಲ್ಲ ಮುಖಾಮೂತಿ ನೋಡಿ ಹೊಡೆದ್ರೆ ಇವರು ಸೀದಾ ಮರ್ಮಕ್ಕೇ ಇಟ್ರು. ಓದಿದೋರ ಏಟೇ ಬೇರೆ.”

ಹೆಂಡತಿ ಚಾಕು ನಿಲ್ಲಿಸಿ ಅವನನ್ನು ನೋಡಿದಳು. ಆ ನೋಟದಲ್ಲಿ ಗಾಬರಿಯ ಜೊತೆಗೆ, ಮದುವೆಯಾಗಿ ಹದಿನಾಲ್ಕು ವರ್ಷಗಳಲ್ಲಿ ಅವನು ಕಾಣದ ಒಂದು ಮೆಚ್ಚುಗೆ ಮಿನುಗಿ ಹೋಯಿತು. ಅದು ಅವನ ಕೆನ್ನೆಗೆ ಹೊಡೆದಂತೆ ಬಿತ್ತು. ಗೋಡೆಗೆ ಒರಗಿ ಕೂತ ಬಾಮೈದ ಮಾತಿನ ನಡುವೆಯೇ ಮುದುಡಿ, ಮುಷ್ಟಿಯಿಂದ ಹೊಟ್ಟೆ ಹಿಡಿದು, ಹಲ್ಲು ಕಚ್ಚಿ, ನೋವು ಹಾದುಹೋಗುವವರೆಗೆ ಕಾದ. ಬಿಸಿನೀರು ಕೊಡಕ್ಕಾ ಒಂದು ಲೋಟ, ಎಂದ. ಅವನಿಗೆ ಮೂವತ್ತೂ ತುಂಬಿರಲಿಲ್ಲ. ಅಕ್ಕನ ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಹದಿನೈದು ಸಿಹಿ ತಿಂದು, ಎದ್ದು, ಕೈ ತೊಳೆದು, ಇನ್ನೊಂದು ಪಂಕ್ತಿಗೆ ಕೂತಿದ್ದ ಹುಡುಗ. ಭಾವ, ಇಷ್ಟೇನಾ ನಿಮ್ಮ ಕಡೆಯೋರು ಬಡಿಸೋದು, ಎಂದು ಕೇಳಿದ್ದ ಹುಡುಗ. ಈಗ ಅವನ ಬಾಯಿಯಿಂದ ಹಳೆಯ ಬ್ಯಾಟರಿಯ ವಾಸನೆ ಬರುತ್ತಿತ್ತು.

“ಪಾಪ, ಹೊತ್ತು ಸಾಲದೆ ಹಾಕಿದ್ನೋ ಏನೋ,” ಅವನು ಹೇಳಿದ. ಧ್ವನಿ ತನಗೇ ಕೇಳಿಸಲಿಲ್ಲ.

“ಏನು?”

“ಬೇಳೆ ಬೇಯೋದಕ್ಕೆ. ಹೊತ್ತು ಸಾಲದೆ.”

“ಅರ್ಧ ಗಂಟೆ ಸಾಲದಾ ಭಾವ? ಅರ್ಧ ಗಂಟೇಲಿ ಕಲ್ಲು ಬೇಯುತ್ತೆ. ನೀವು ಒಳ್ಳೇರು, ಅದಕ್ಕೇ ಒದ್ದ ಮೇಲೂ ಕನಿಕರ.”

ಇನ್ನೊಂದು ವಾಕ್ಯ ಸಾಕಿತ್ತು. ಅದು ಗಂಟಲವರೆಗೆ ಬಂತು, ತುತ್ತು ಬಂದು ನಿಲ್ಲುವ ಜಾಗದಲ್ಲೇ ನಿಂತಿತು. ಇವನು ಒಂದು ದಿನ ನನ್ನನ್ನು ಕೊಲ್ಲುತ್ತಾನೆ, ಕೊಲ್ಲಬೇಕು, ಎಂದುಕೊಂಡ. ಬಾಮೈದ ಬಿಸಿನೀರನ್ನು ಗಟಗಟನೆ, ನಾಲಿಗೆ ಸುಟ್ಟರೂ ನಿಲ್ಲಿಸದೆ, ಯಾರೋ ಲೋಟ ಕಿತ್ತುಕೊಳ್ಳುತ್ತಾರೆ ಎನ್ನುವಂತೆ ಕುಡಿದ. ಮನೆಯಲ್ಲೂ ಅವನು ನಿಧಾನಕ್ಕೆ ಕುಡಿಯುವುದನ್ನು ಮರೆತಿದ್ದ. ಹೆಂಡತಿ ಇವನಿಗೆ ಪ್ರತ್ಯೇಕವಾಗಿ ಮೆತ್ತಗೆ ಬೇಯಿಸಿದ ಅನ್ನ ತಂದಿಟ್ಟಳು. ಸಿಟ್ಟು ಇಟ್ಕೊಂಡು ಕೂರಬೇಡಿ ಅಂದಿದಾರೆ ಡಾಕ್ಟರು, ಸಮಾಧಾನದಲ್ಲಿ ತಿನ್ನಿ, ಎಂದಳು. ಅವನು ತಿಂದ. ಎಣಿಸಿದ. ಹದಿನೇಳಕ್ಕೆ ಬೂಟಿನ ತುದಿ ಮೆತ್ತಗೆ ಒಳಹೊಕ್ಕಿತು. ಮತ್ತೆ ಒಂದರಿಂದ ಎಣಿಸಿದ.

ಬೆಳಿಗ್ಗೆ ಕಾಂಪೌಂಡರ್ ಗೇಟಿನಲ್ಲೇ ಸಿಕ್ಕ. ಸೌಟುವಿನ ಕರುಳು ಒಂದು ಕಡೆ ಹರಿದಿತ್ತಂತೆ. ಕತ್ತರಿಸಿ ಹೊಲಿದಿದ್ದಾರಂತೆ. ಹೊಲಿಗೆ ಹಿಡಿದರೆ ಬದುಕುತ್ತಾನೆ, ಹಿಡಿಯದಿದ್ದರೆ ಇಲ್ಲ; ಬದುಕಿದರೂ ಹೊಟ್ಟೆಯ ಪಕ್ಕದಲ್ಲಿ ಮಲದ ಚೀಲ ಕಟ್ಟಿಕೊಂಡೇ ಓಡಾಡಬೇಕು. ಅನ್ನ ಬೇಯಿಸೋನು ಇನ್ಮೇಲೆ ಅನ್ನ ತಿನ್ನೋ ಹಾಗಿಲ್ಲ, ಎಂದ ಕಾಂಪೌಂಡರ್, ಮತ್ತು ಈ ಸಲ ತಮಾಷೆ ಮಾಡಲಿಲ್ಲ. ಮಾತಾಡ್ತಾನಾ, ಎಂದು ಇವನು ಕೇಳಿದ. ಕೇಳಿದ ಮೇಲೆ ತಾನು ಕೇಳಿದ್ದೇನೆಂದು ಗೊತ್ತಾಗಿ ನಿಂತಲ್ಲೇ ಬೆವರಿದ. ಗಂಟಲಲ್ಲಿ ಕೊಳವೆ ಇದೆ ಸಾರ್, ಹೇಗೆ ಮಾತಾಡ್ತಾನೆ.

ಮ್ಯಾನೇಜರ ಕೋಣೆಯಲ್ಲಿ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಮೇಜಿನ ಮೇಲೆ ಟೈಪು ಮಾಡಿದ ಹಾಳೆ. ಮ್ಯಾನೇಜರು ಅದನ್ನು ಒಂದು ಬೆರಳಿನಿಂದ ಅವನ ಕಡೆಗೆ ಸರಿಸಿದರು. ಅಡುಗೆಯವನು ಕೆಲಸಗಾರರ ಆಹಾರದಲ್ಲಿ ಹಾನಿಕರ ವಸ್ತುವನ್ನು ಬೇಕೆಂದೇ ಬೆರೆಸುತ್ತಿದ್ದುದನ್ನು, ಎಷ್ಟು ಎಚ್ಚರಿಸಿದರೂ ಕೇಳದೇ ಇದ್ದುದನ್ನು ನಾನು ಟೈಮ್ ಆಫೀಸಿನಿಂದ ಕಣ್ಣಾರೆ ಕಂಡಿದ್ದೇನೆ, ಎಂದಿತ್ತು ಅದರಲ್ಲಿ.

“ಮಧ್ಯಾಹ್ನ ಊಟ ಆದ ಮೇಲೆ ಪೊಲೀಸಿನವರು ಬರ್ತಾರೆ,” ಎಂದರು. “ಅವನ ಮೇಲೆ ಕೇಸು ಆದ್ರೆ ನಮ್ಮ ಹುಡುಗರ ಮೇಲೆ ಆಗಲ್ಲ. ನಿನ್ನ ಬಾಮೈದನೇ ಮೊದಲು ಹೊಡೆದದ್ದಂತೆ. ನಿನ್ನ ಕಾಲಿನ ವಿಷಯಾನೂ ನನ್ನ ಕಿವಿಗೆ ಬಿತ್ತು. ನಾನು ಕೇಳಿಸ್ಕೊಳ್ಳಲಿಲ್ಲ. ಒಂದು ಸೈನು.”

ಅವನ ಹೊಟ್ಟೆ ಗುಡುಗಿತು. ಕೋಣೆಯ ನಿಶ್ಶಬ್ದದಲ್ಲಿ ಅದು ಸ್ಪಷ್ಟವಾಗಿ, ಅಸಹ್ಯವಾಗಿ ಕೇಳಿಸಿತು. ಮ್ಯಾನೇಜರು ಮುಗುಳ್ನಕ್ಕು ಡ್ರಾಯರ್ ಎಳೆದು ಬಿಳಿಯ ಮಾತ್ರೆಯೊಂದನ್ನು ಹಾಳೆಯ ಮೇಲಿಟ್ಟರು. “ಚೀಪು. ನನಗೂ ಇದೆ ಈ ಕಾಯಿಲೆ. ಟೆನ್ಷನ್ನು ಕಣಯ್ಯಾ, ಈ ಹೊಣೆಗಾರಿಕೆ ಇರೋರಿಗೇ ಬರೋದು.” ಅವನು ಮಾತ್ರೆಯನ್ನು ತೆಗೆದುಕೊಂಡ. ಬಾಯಿಗೆ ಹಾಕಿಕೊಂಡ. ಸುಣ್ಣದಂತೆ ಕರಗಿತು. ಬೇಡ ಎನ್ನಲು ಏಳು ವರ್ಷದಲ್ಲಿ ಒಮ್ಮೆಯೂ ಬಾಯಿ ಬಂದಿರಲಿಲ್ಲ, ಈಗ ಬಾಯಿಯಲ್ಲಿ ಅವರದೇ ಮಾತ್ರೆ ಇತ್ತು. “ಊಟ ಆದ ಮೇಲೆ ಸೈನು ಹಾಕ್ತೀನಿ ಸಾರ್,” ಎಂದ. ಮ್ಯಾನೇಜರು ಗೋಡೆ ನೋಡುತ್ತ, “ಹಾಗೇ ಮಾಡು. ಮತ್ತೆ, ಇವತ್ತಿಂದ ಹನ್ನೆರಡು ಮಾಡ್ಕೋ. ನಿನ್ನೆ ಗಲಾಟೇಲಿ ಬಹಳ ಹೊತ್ತು ಹೋಯ್ತು,” ಎಂದರು.

ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದ. ಬೆಳಗೆಲ್ಲ ಕೆಳಗಿನಿಂದ ಯಂತ್ರಗಳ ಏಟು ಅವನ ಕುರ್ಚಿಯ ಕಾಲುಗಳ ಮೂಲಕ ಬೆನ್ನುಹುರಿಗೆ ಬರುತ್ತಿತ್ತು. ಹನ್ನೆರಡು. ಮುಂದಿನ ವರ್ಷ ಹದಿನೈದು. ಒಂದು ದಿನ ಸೈರನ್ ಒಮ್ಮೆ ಕೂಗಿ, ಅದೇ ಉಸಿರಿನಲ್ಲಿ ಮತ್ತೆ ಕೂಗುತ್ತದೆ. ಎರಡು ಕೂಗಿನ ನಡುವಿನ ಸಂದಿಯಲ್ಲಿ ಇನ್ನೂರ ನಲವತ್ತು ಜನ ಬಾಯಿ ತೆರೆದು ಮುಚ್ಚುತ್ತಾರೆ, ಮೀನುಗಳ ಹಾಗೆ. ಆಗಲೂ ಅವರು ಯಾರನ್ನಾದರೂ ಹೊಡೆಯುತ್ತಾರೆ: ಬಡಿಸುವವನನ್ನು, ತಟ್ಟೆ ತೊಳೆಯುವವಳನ್ನು, ಪಕ್ಕದಲ್ಲಿ ಕೂತವನನ್ನು. ಕೈಗೆಟುಕಿದವರನ್ನು. ತಾನು ಮಾತ್ರ ಹದಿನೆಂಟು ಮೆಟ್ಟಿಲಿನ ಮೇಲೆ ಗಾಜಿನ ಹಿಂದೆ ಮೂವತ್ತೆರಡು ಸಲ ಅಗಿಯುತ್ತಿರುತ್ತಾನೆ. ಎದ್ದು ದೊಡ್ಡ ಗಡಿಯಾರವನ್ನು ಕುರ್ಚಿಯಿಂದ ಹೊಡೆದು ಪುಡಿಮಾಡಬೇಕೆನಿಸಿತು. ಮ್ಯಾನೇಜರ ಬೆರಳುಗಳನ್ನು ಒಂದೊಂದಾಗಿ ನಾಲ್ಕನೇ ಯಂತ್ರದ ಕೆಳಗಿಟ್ಟು ಮುಚ್ಚಳ ಒತ್ತಬೇಕೆನಿಸಿತು. ಅದೆಲ್ಲ ಅನಿಸಿದ್ದು ಕಾಲ ಮೇಲೆ ಕಾಲು ಹಾಕಿಕೊಂಡು ಕೂತೇ. ಊಟದ ಹೊತ್ತಾಯಿತು. ಸೈರನ್ ಒತ್ತಿದ. ಎಡಗೈ ಅಭ್ಯಾಸದಂತೆ ತಿರುಪಿನ ಮೇಲೆ ಹೋಗಿ ಕೂತಿತು. ಅದನ್ನು ಬಲಗೈಯಿಂದ ಹಿಡಿದೆತ್ತಿ ತೊಡೆಯ ಮೇಲಿಟ್ಟುಕೊಂಡ.

ಕೆಳಗೆ ಹೊರಗಿನಿಂದ ತರಿಸಿದ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಅವರು ಎಂದಿನಂತೆ ಅದರ ಮೇಲೆ ಬಿದ್ದರು. ಹರಿದರು, ತುರುಕಿದರು, ನೀರಿನಿಂದ ದೂಡಿದರು. ಹತ್ತೊಂಬತ್ತು ನಿಮಿಷಕ್ಕೆ ಸರಿಯಾಗಿ ತಟ್ಟೆಗಳು ಖಾಲಿಯಾದವು, ಇನ್ನೂರ ನಲವತ್ತು ದೇಹಗಳು ಅರ್ಧ ಎದ್ದವು, ಸೈರನ್ನಿಗೆ ಕಿವಿಗೊಟ್ಟವು. ಸೈರನ್ ಆಗಲಿಲ್ಲ. ಯಾರೋ ಗಡಿಯಾರ ನೋಡಿದರು, ಇನ್ನೊಬ್ಬರಿಗೆ ತೋರಿಸಿದರು. ಇಪ್ಪತ್ತಾಯಿತು. ಇಪ್ಪತ್ತೆರಡಾಯಿತು. ಕೆಲವರು ತಡೆಯಲಾರದೆ ಬಾಗಿಲವರೆಗೆ ಹೋಗಿ, ಹೊರಗೆ ನಿಂತ ಯಂತ್ರಗಳನ್ನು ನೋಡಿ, ಮತ್ತೆ ಬಂದು ಕೂತರು. ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಮುಖ ಬಿಳಿಚಿದ್ದರೂ ಕೆಲಸಕ್ಕೆ ಬಂದಿದ್ದ ಪ್ಯಾಕಿಂಗ್ ಅಕ್ಕ ಬ್ರೆಡ್ಡಿನ ಉಳಿದ ತುಂಡೊಂದನ್ನು ತೆಗೆದುಕೊಂಡು, ಸುಮ್ಮನೆ, ಬಹಳ ನಿಧಾನವಾಗಿ ಅಗಿಯತೊಡಗಿದಳು. ಅವನು ಇಳಿಯುತ್ತಿದ್ದ. ಅರ್ಧ ಮೆಟ್ಟಿಲಲ್ಲಿ ಅವರ ಮಾತು ಕೇಳಿಸಿತು.

“ಗಡಿಯಾರ ನಿಂತಿದೆಯೇನೋ.”

“ಎಲ್ಲಿ ನಿಂತಿದೆ, ಹೋಗ್ತಾನೇ ಇದೆ ನೋಡು.”

“ಮತ್ತೆ ಊಟ ಮುಗೀತಲ್ಲೋ.”

ಬಾಮೈದ ತಟ್ಟೆ ನೋಡುತ್ತಿದ್ದ, ಗಡಿಯಾರ ನೋಡುತ್ತಿದ್ದ, ಮತ್ತೆ ತಟ್ಟೆ. ಆಮೇಲೆ ತಲೆ ಎತ್ತಿ, ಮೆಟ್ಟಿಲಿನಿಂದ ಇಳಿಯುತ್ತಿರುವ ಭಾವನನ್ನು ನೋಡಿದ. ಭಾವ ಸೌಟು ಬಿದ್ದಿದ್ದ ಜಾಗಕ್ಕೆ ಬಂದು ನಿಂತ. ಬೆಳಿಗ್ಗೆ ಮತ್ತೆ ತೊಳೆದ ನೆಲ ಇನ್ನೂ ಒದ್ದೆಯಿತ್ತು.

“ಗಡಿಯಾರದಲ್ಲಿ ಇನ್ನೂ ಏಳು ನಿಮಿಷ ಇದೆ,” ಎಂದ. “ಕೂತ್ಕೊಳ್ಳಿ. ಅದು ನಿಮ್ಮದೇ.”

ಯಾರೂ ಕೂರಲಿಲ್ಲ. ಅವನು ಹೇಳಿದ. ತಿರುಪಿನ ವಿಷಯ ಹೇಳಿದ, ಬಲಕ್ಕೆ, ಎಡಕ್ಕೆ, ತಿರುಗಿಸು ಎಂದ ಮ್ಯಾನೇಜರ ವಿಷಯವನ್ನೂ. ಸೌಟು ತನ್ನ ಹತ್ತಿರ ಬಂದು ಬೇಳೆ ಯಾಕೆ ಬೇಯಲ್ಲ ಎಂದು ಕೇಳಿದ್ದನ್ನು ಹೇಳಿದ. ಸೋಡಾ ಹಾಕು ಎಂದದ್ದು ನಾನು, ಎಂದ. ಅವನು ನಿಮಗೆ ಹೇಳಿಬಿಡ್ತಾನೆ ಅಂತ ಒದ್ದೆ, ಎಂದ. ಮಾತು ಒಂದೊಂದೂ ಪೂರ್ತಿಯಾಗಿ, ಅಗಿದು ನುಣ್ಣಗಾಗಿ ಹೊರಬರುತ್ತಿತ್ತು. ತನಗೆ ಇಷ್ಟು ಸಲೀಸಾಗಿ ಮಾತು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಜೇಬಿನಿಂದ ಹಾಳೆ ತೆಗೆದು ಪ್ಯಾಕಿಂಗ್ ಅಕ್ಕನ ಮುಂದಿಟ್ಟ. ಅವಳು ಓದಿದಳು, ಪಕ್ಕದವರಿಗೆ ಕೊಟ್ಟಳು. ಮೇಲೆ ಟೈಮ್ ಆಫೀಸಿನಲ್ಲಿ ಟೆಲಿಫೋನು ಬಡಿದುಕೊಳ್ಳತೊಡಗಿತು. ನಿಂತಿತು. ಮತ್ತೆ ಬಡಿದುಕೊಂಡಿತು.

“ಎಷ್ಟು ವರ್ಷ?” ಬಾಮೈದ ಕೇಳಿದ.

“ಏಳು.”

“ನಾನು ಸೇರಿದ ದಿನದಿಂದ.”

“ಹೂಂ.”

“ನನ್ನ ಹೊಟ್ಟೆ ಕೆಟ್ಟಾಗ ಡಾಕ್ಟರ ಹತ್ರ ನೀವೇ ಕರ್ಕೊಂಡು ಹೋದ್ರಿ. ನಿಧಾನಕ್ಕೆ ಉಣ್ಣೋ ಅಂತ ನೀವೇ ಬೈದ್ರಿ.”

ಗುಂಪು ಹತ್ತಿರವಾಯಿತು, ಎಣ್ಣೆ, ತಗಡು, ಹುಳಿ ಉಸಿರು. ಹಿಂದಿನಿಂದ ಯಾರೋ, ಇವನನ್ನು ಆ ನಾಲ್ಕನೇ ಯಂತ್ರಕ್ಕೇ ಇಡ್ರೋ, ಎಂದರು. ಪ್ಯಾಕಿಂಗ್ ಅಕ್ಕ ಬಾಯಲ್ಲಿದ್ದದ್ದನ್ನು ನುಂಗಿ ಎದ್ದು ನಿಂತಳು.

“ನಿನ್ನೇನೂ ಹೀಗೇ ಕೂಗಿದ್ರಿ,” ಎಂದಳು. “ಇವನು ತಿರುಗಿಸಿದ. ತಿರುಗಿಸು ಅಂದೋನು ತನ್ನ ಕೋಣೇಲಿ ಫೋನು ಹಿಡ್ಕೊಂಡು ಕೂತಿದಾನೆ. ಇವನೊಬ್ಬನ್ನ ಜಜ್ಜಿ ಕೈ ತೊಳ್ಕೊಂಡು ಮತ್ತೆ ಮುಚ್ಚಳ ಒತ್ತೋಕೆ ಹೋಗ್ತೀರಾ?”

ಗುಂಪು ಒಂದು ಕ್ಷಣ ನಿಂತಿತು. ಬಾಮೈದ ಬಗ್ಗಿ, ಮುಷ್ಟಿಯಿಂದ ಹೊಟ್ಟೆ ಒತ್ತಿ, ನೋವು ದಾಟುವವರೆಗೆ ಕಾದ. ನೆಟ್ಟಗೆ ನಿಂತಾಗ ಅವನ ಮುಖ ಶಾಂತವಾಗಿತ್ತು.

“ಇಲ್ಲಕ್ಕಾ. ಎಲ್ಲರೂ ಹೋಗೋಣ. ಆ ತಿರುಪು ಯಾವುದು ಅಂತ ಇವರೇ ತೋರಿಸ್ತಾರೆ, ಯಾರು ತಿರುಗಿಸು ಅಂದ್ರು ಅಂತ ಅವನ ಎದುರೇ ಹೇಳ್ತಾರೆ. ಪೊಲೀಸಿನವರು ಬಂದಾಗ ನಾವು ಸೌಟುಗೆ ಹೊಡೆದದ್ದನ್ನೂ ನಾವೇ ಹೇಳೋಣ. ಆದ್ರೆ ನಂದೊಂದು ಬಾಕಿ ಇದೆ, ಅದು ಮೊದಲು.” ಅವನು ಭಾವನ ಎದುರು, ಒಂದು ತೋಳಿನ ಅಂತರದಲ್ಲಿ ಬಂದು ನಿಂತ. ಧ್ವನಿ ಮನೆಯ ಹೊಸ್ತಿಲಲ್ಲಿ ಕೂತು ಮಾತನಾಡುವಷ್ಟೇ ಮೆತ್ತಗಿತ್ತು.

“ಕನ್ನಡಕ ತೆಗೀರಿ ಭಾವ.”

ಅವನು ತೆಗೆದ. ಮಡಿಸಿದ. ಮೇಜಿನ ಮೇಲೆ ಇಡೋಣವೆಂದರೆ ಎಲ್ಲ ಕಡೆ ಆಲೂಗಡ್ಡೆಯ ಪಸೆ. ಮಸುಕಾದ ಮುಖಗಳ ನಡುವೆ ಅದನ್ನು ಹಿಡಿದು ನಿಂತ. ಪ್ಯಾಕಿಂಗ್ ಅಕ್ಕ ಕೈ ಚಾಚಿ, ಕೊಡಿ ಇಲ್ಲಿ, ಎಂದು ಇಸಿದುಕೊಂಡಳು.